ವೈರಸ್ಸಿನ ಲೆಕ್ಕದವಳೂ ಹಾನುಬಾಳಿನ ಅತ್ತೆಯೂ

ಅಳಬೇಕಾದ ಜಾಗದಲ್ಲೇ ನಗು ಬರುವಂಥದ್ದು ನಡೆಯುವುದು ನನ್ನ ಹಣೆಬರಹ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರುವ ವೈರಸ್ಸಿನ ಜೀನುಗಳು ಯಾವಾಗ ಏಳುತ್ತವೆ, ಯಾವಾಗ ಮಲಗುತ್ತವೆ ಎಂದು ಗಣಿತದಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ನನ್ನನ್ನು ಸಾಕಿದ್ದು ಹಾನುಬಾಳಿನ ಕಾಫಿ ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಮನೆಗಳ ಸಾಲಿನಲ್ಲಿರುವ ಸೋದರತ್ತೆ. ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿತು. ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ಮರಗಸಿ

ಅತ್ತೆಯನ್ನು ಪರೀಕ್ಷೆಗೆ ಒಪ್ಪಿಸಲು ಕೂತೆ. "ಆ ವೈರಸ್ಸಲ್ಲಿ ಒಂದು ಜೀನು ಇನ್ನೆರಡನ್ನ ಅದುಮಿಟ್ಟಿರುತ್ತೆ ಅತ್ತೆ. ಅದು ಮುರಿದುಹೋದ್ರೆ ಆ ಎರಡಕ್ಕೂ ಹಿಡಿತವೇ ಇರಲ್ಲ."

"ಮರಗಸೀಲಿ ಕೊಂಬೆ ಜಾಸ್ತಿ ಕಡಿದು ನೆರಳು ಹೋದ್ರೆ ತೋಟದ ತುಂಬ ಕಳೆ ಏಳಲ್ವಾ, ಹಂಗೆ ತಾನೆ?"

ನಮ್ಮ ವಿಭಾಗದವರಿಗೆ ಇಷ್ಟು ಹೇಳಲು ನನಗೆ ಎರಡು ಸೆಮಿನಾರ್ ಹಿಡಿದಿತ್ತು. "ಅರ್ಥ ಆಯ್ತಲ್ಲ, ನಡಿ ಪರೀಕ್ಷೆಗೆ" ಎಂದೆ.

"ಅರ್ಥ ಆಗಿದ್ದಕ್ಕೆಲ್ಲ ಸೀರೆ ಎತ್ತಕ್ಕಾಯ್ತದೇನೇ?"

ಸೊನ್ನೆಯ ಕೆಳಗೆ

ಆ ವಾರ ಕಂಪ್ಯೂಟರಿನಲ್ಲಿ ನನ್ನ ಸಮೀಕರಣ ಓಡಿಸಿದೆ. ವೈರಸ್ಸಿನ ಸಂಖ್ಯೆ ತೋರಿಸುವ ಗೆರೆ ಇಳಿಯಿತು, ಇಳಿಯಿತು, ಎಲ್ಲೂ ನಿಲ್ಲಲಿಲ್ಲ. ಅತ್ತೆಯೇ ಗುಣವಾದಳೇನೋ ಎಂಬ ಖುಷಿಯಲ್ಲಿ ನನ್ನ ಪಿಎಚ್‌ಡಿ ಗೈಡಿಗೆ ತೋರಿಸಿದೆ. ಒಂದು ಚಿಹ್ನೆ ತಪ್ಪಿ, ಗೆರೆ ಸೊನ್ನೆಯನ್ನೂ ದಾಟಿ ಕೆಳಗಿಳಿದಿತ್ತು.

"ವೈರಸ್ಸು ಸತ್ತ ಮೇಲೂ ಹೊಡೀತಾನೇ ಇದ್ದೀಯಲ್ಲಮ್ಮ, ಬಿಡು ಅದನ್ನ" ಎಂದರು.

ಶಿಬಿರ

ಕೊನೆಗೆ ಹಾಸನದ ಆಸ್ಪತ್ರೆಯವರು ಹಾನುಬಾಳಿನಲ್ಲೇ ತಪಾಸಣಾ ಶಿಬಿರ ನಡೆಸಿದರು. ಅತ್ತೆಯ ಹೆಸರಿನ ವರದಿ ಬಂತು: ಏನೂ ತೊಂದರೆಯಿಲ್ಲ. ಅವತ್ತು ನಾನು ಹೊಟ್ಟೆ ತುಂಬ ಉಂಡೆ. ಮೂರು ತಿಂಗಳ ಮೇಲೆ ಊರಿಗೆ ಹೋದರೆ ಅತ್ತೆ ಅರ್ಧಕ್ಕರ್ಧ ಇಳಿದಿದ್ದಾಳೆ, ರಕ್ತ ನಿಂತಿಲ್ಲ. ಹಾಸನದ ಅದೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಕ್ಯಾನ್ಸರ್.

ಹಳೆಯ ವರದಿಯನ್ನು ಡಾಕ್ಟರ ಮೇಜಿನ ಮೇಲೆ ಬಡಿದು ಜಗಳಕ್ಕೇ ನಿಂತೆ. ಅತ್ತೆ ನನ್ನ ಕೈ ಜಗ್ಗಿದಳು.

"ಅವರ್ದೇನೂ ತಪ್ಪಿಲ್ಲ ಕಣೆ. ಅವತ್ತು ನಾನು ಹೋಗ್ಲಿಲ್ಲ, ಬದಲಿ ಆಳು ಕಳಿಸ್ಬುಟ್ಟೆ."

ನಮ್ಮ ಲೈನಿನಲ್ಲಿ ಅದು ವಾಡಿಕೆ. ಒಬ್ಬಳು ಕೆಲಸಕ್ಕೆ ಬರಲಾಗದಿದ್ದರೆ ಅವಳ ಹೆಸರಲ್ಲಿ ಇನ್ನೊಬ್ಬಳು ಹೋಗುತ್ತಾಳೆ. ತಲೆಯೆಣಿಕೆ ಸರಿಯಿದ್ದರೆ ಹಾಜರಿ ಬರೆಯುವ ರೈಟರ್ ತಕರಾರು ಮಾಡುವುದಿಲ್ಲ. ಪಕ್ಕದ ಮನೆಯ ಸೊಸೆ ಅತ್ತೆಯ ಹೆಸರು ಹೇಳಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಳು.

ನಾನು ಅಲ್ಲೇ ಬಿಕ್ಕಿಬಿಕ್ಕಿ ಅಳತೊಡಗಿದೆ. ಅತ್ತೆ ಸೆರಗಿನಿಂದ ನನ್ನ ಕಣ್ಣೊರೆಸಿ ಸಮಾಧಾನ ಹೇಳಿದಳು:

"ಯಾರ್ನೋ ಒಬ್ಬಳನ್ನ ಕಳಿಸಿರ್ಲಿಲ್ಲ ಕಣೆ. ನೀನು ಹೆದರ್ಕಂಡಿದ್ದೆ, ರಿಪೋರ್ಟು ಚೆನ್ನಾಗಿ ಬರ್ಲಿ ಅಂತ ಇಡೀ ಲೈನಲ್ಲೇ ಗಟ್ಟಿಯಾಗಿರೋಳ್ನ ಹುಡುಕಿ ಕಳಿಸಿದ್ದೆ."