ಗಟಾರದ ಟಿ.ವಿ.

ಒಳಚರಂಡಿ ಕೆಲಸದವನಿಗೆ ಜನರ ಮುಖಕ್ಕಿಂತ ಅವರು ಒಳಗೆ ಬಿಟ್ಟದ್ದೇ ಹೆಚ್ಚು ಪರಿಚಯ. ಪೈಪಿನೊಳಗೆ ಬಿಡುವ ಕ್ಯಾಮೆರಾ ಕಲಬುರಗಿಗೆ ಬಂದ ಮೇಲಂತೂ ನಗಬೇಕೋ ಮೂಗು ಮುಚ್ಚಬೇಕೋ ತಿಳಿಯದಂಥ ಪ್ರಸಂಗಗಳಿಗೆ ಬರವೇ ಇಲ್ಲ.

ಅದು ಬಂದ ವಾರವೇ ನಮ್ಮ ಸಾಹೇಬರ ಮನೆಯ ಬೆಳ್ಳಿ ತಂಬಿಗೆ ಕಾಣೆಯಾಗಿತ್ತು. ಕಮಲಾಪುರದ ಅತ್ತೆ ದೇವರ ಕೋಣೆಯ ಪೂಜೆಗೆಂದು ಅಳಿಯನ ಹೆಸರು ಕೆತ್ತಿಸಿ ಕೊಟ್ಟಿದ್ದು. ಅವರ ಅಂಗಳದ ಗಟಾರದ ಚೇಂಬರ್ ಗುಂಡಿ ತೊಳೆದು ಬಂದಿದ್ದ ನಮ್ಮ ಮೇಸ್ತ್ರಿಯ ತಲೆಯ ಮೇಲೆ ಸಾಹೇಬರು ಗೂಬೆ ಕೂರಿಸಿದರು: “ತಂಬಿಗಿ ತಂದಿಡು, ಇಲ್ಲಾ ಸೋಮವಾರದಿಂದ ಕೆಲಸಕ್ಕ ಬರಬ್ಯಾಡ.” ಮೇಸ್ತ್ರಿ ಊಟ ಬಿಟ್ಟ. ಅವನು ಕದ್ದಾನೆಂದು ನಾನು ನಂಬಲಿಲ್ಲ.

ಯಾವ ಪಿಕ್ಚರ್?

ಸ್ಟೇಶನ್ ಬಜಾರಿನಲ್ಲಿ ಕ್ಯಾಮೆರಾ ಇಳಿಸಿ ಗಾಡಿಯ ಟಿ.ವಿ. ಹಚ್ಚಿದೆ. ಆಟೋದವರೆಲ್ಲ ಮುತ್ತಿಕೊಂಡರು. ಬಹಳ ಹೊತ್ತು ಕಪ್ಪು ನೀರನ್ನೇ ನೋಡಿದ ಒಬ್ಬ ಕೇಳಿದ: “ಸಾಬ್, ಹೀರೋ ಯಾವಾಗ ಬರ್ತಾನ್ರೀ?”

ಅಷ್ಟರಲ್ಲಿ ಹೆಗ್ಗಣವೊಂದು ತೆರೆಯ ತುಂಬ ಬಂದು ಮೀಸೆ ಕುಣಿಸಿತು. ಎಲ್ಲರೂ ಸೀಟಿ ಹೊಡೆದರು!

ಲಾಡ್ಜಿನ ಮಾಲೀಕ

“ನಮ್ಮ ಅಡಿಗಿಮನಿ ನೀರು ನಿಮ್ಮ ಪೈಪಿಗೆ ಬರಂಗೇ ಇಲ್ರೀ, ಆಣಿ ಮಾಡ್ತೀನಿ,” ಎಂದ ಲಾಡ್ಜಿನ ಮಾಲೀಕ. ನಾನು ಟಿ.ವಿ. ತೋರಿಸಿದೆ. ಪೈಪಿನ ತುಂಬ ಅನ್ನ.

ನೋಡಿದವನೇ ಒಳಗೆ ತಿರುಗಿ ಅಡುಗೆಯವನಿಗೆ ಕೂಗಿದ: “ಲೇ, ಇಷ್ಟು ಅನ್ನ ಚೆಲ್ತೀಯೇನಲೇ!”

ದೇವರ ಖೋಲಿ

ಶನಿವಾರ ಸಾಹೇಬರ ಪಾಯಖಾನೆಯೇ ಕಟ್ಟಿಕೊಂಡಿತು. ಬೇಕೆಂತಲೇ ಮೇಸ್ತ್ರಿಯನ್ನೂ ಕರೆದೊಯ್ದೆ. ಕೆಂಪು ಬಾಳೆಹಣ್ಣು ಹೊತ್ತು ಅಂದೇ ಕಮಲಾಪುರದಿಂದ ಬಂದಿದ್ದ ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಟಿ.ವಿ. ಮುಂದೆ ನಿಂತರು.

ಚೇಂಬರಿನಿಂದ ಪಾಯಖಾನೆಯ ಕಡೆ ಕ್ಯಾಮೆರಾ ತಳ್ಳಿದೆ. “ಸಾಕ್ರೀ, ಬಂದ್ ಮಾಡ್ರಿ,” ಎಂದು ಸಾಹೇಬರು ಅವಸರ ಮಾಡುವಷ್ಟರಲ್ಲಿ ಏನೋ ಹೊಳೆಯಿತು. ತಂಬಿಗೆ! ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ಅಕ್ಷರ ಓದಲು ಎಲ್ಲರೂ ಕತ್ತು ಹೊರಳಿಸಿದೆವು. ಸಾಹೇಬರ ಹೆಸರೇ.

“ಕಳ್ಳ ಒಗದಿರಬೇಕ್ರೀ,” ಎಂದು ಸಾಹೇಬರು ತೊದಲಿದರು.

“ನಾ ಅಂಗಳ ದಾಟಿಲ್ರೀ ಸಾಹೇಬ್ರ. ನಿಮ್ಮ ಪಾಯಖಾನಿಗೆ ನೀವೇ ಹೋಗೋದು,” ಎಂದ ಮೇಸ್ತ್ರಿ. ವಾರದಲ್ಲಿ ಮೊದಲ ಸಲ ಅವನ ಹಲ್ಲು ಕಂಡಿತು.

ಅತ್ತೆಯವರು ಸೆರಗು ತೆಗೆದು ನಿಧಾನವಾಗಿ ಕೇಳಿದರು:

“ಅಳಿಯಂದ್ರ, ದೇವರ ಖೋಲಿ ಯಾವಾಗ ಅಲ್ಲಿಗಿ ಸರಿಸೀರಿ?”