ಲಿವರಿಗೆ ರಜೆ ಕೊಡಿಸಿದ ಪ್ರಸಂಗ

ಉತ್ಪಾದನೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊಸೂರಿನ ಮೂಕಂಡಪಲ್ಲಿಯ ಬೋಲ್ಟ್ ಫ್ಯಾಕ್ಟರಿಯೊಂದರಲ್ಲಿ ಯಾವ ಮಾಲನ್ನು ನಾವೇ ಮಾಡಬೇಕು, ಯಾವುದನ್ನು ಹೊರಗಿನಿಂದ ತರಿಸಬೇಕು ಎಂದು ತೀರ್ಮಾನಿಸುವ ಸೂಪರ್‌ವೈಸರ್ ನಾನು. ಹೀಗಿರುವಾಗ ನನ್ನ ಹೊಟ್ಟೆಯೊಳಗಿನ ಇಲಾಖೆಯೊಂದು ನನ್ನನ್ನು ಒಂದು ಮಾತೂ ಕೇಳದೆ ಕೊಲೆಸ್ಟ್ರಾಲ್ ಉತ್ಪಾದಿಸಿ ಗುಡ್ಡೆ ಹಾಕುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ಬಯಲಾದಾಗ ಅವಮಾನವೇ ಆಯಿತು.

"ಸ್ವಲ್ಪ ದಿನ ಬಾಯಿ ಕಟ್ಟಿ. ಇಳೀದಿದ್ರೆ ಮಾತ್ರೆ" ಎಂದರು ಡಾಕ್ಟರು. ನನ್ನ ಹೆಂಡತಿ ಸುಜಾತ ಅಂದೇ ತುಪ್ಪದ ಡಬ್ಬಿಯನ್ನು ಅಟ್ಟಕ್ಕೇರಿಸಿದಳು.

"ನಿಮ್ಮಪ್ಪ ಎದೆ ಹಿಡ್ಕೊಂಡು ಕುಸಿದಿದ್ದು ಮರ್ತೋಯ್ತಾ? ಇನ್ಮೇಲೆ ಮುದ್ದೆ, ಸೊಪ್ಪಿನ ಸಾರು. ಅಷ್ಟೇಯ!"

ಅಪ್ಪ ಹೋದದ್ದು ಹಾಗೆಯೇ. ನನಗೂ ಒಳಗೊಳಗೇ ಭಯವಿತ್ತು. ಭಯಪಟ್ಟವರು ದೇವಸ್ಥಾನಕ್ಕೆ ಹೋಗುತ್ತಾರೆ. ನಾನು ಟೀ ಬಿಡುವಿನಲ್ಲಿ ಮೊಬೈಲ್ ತೆಗೆದೆ. ಇಲಿಗಳ ಮೇಲೆ ನಡೆಸಿದ ಸಂಶೋಧನೆಯ ಲೇಖನವೊಂದು ಸಿಕ್ಕಿತು. ಇಲಿಯ ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತದಂತೆ. ಆಹಾರದಲ್ಲೇ ಅದನ್ನು ಕೊಟ್ಟರೆ ಲಿವರ್ ತನ್ನ ತಯಾರಿಕೆ ತಗ್ಗಿಸುತ್ತದಂತೆ! ಅಷ್ಟರಲ್ಲಿ ಬೆಲ್ ಹೊಡೆಯಿತು. ಉಳಿದದ್ದನ್ನು ಓದುವ ಅಗತ್ಯವೂ ನನಗೆ ಕಾಣಲಿಲ್ಲ.

ವಿಷಯ ಸ್ಪಷ್ಟವಾಗಿತ್ತು. ಹೊರಗಿನಿಂದ ಬೋಲ್ಟ್ ತರಿಸಿದರೆ ಒಳಗಿನ ಮಿಷನ್ ನಿಲ್ಲಿಸುತ್ತೇವೆ. ಹಾಗೆಯೇ ಬಾಯಿಯ ಮೂಲಕ ಮಾಲು ಸರಬರಾಜಾದರೆ ಲಿವರಿಗೆ ರಜೆ! ಪಾಪ, ಇಷ್ಟು ವರ್ಷ ಒಬ್ಬಂಟಿಯಾಗಿ ಓವರ್‌ಟೈಮ್ ಮಾಡಿತ್ತು.

"ಇಲಿ ಮಾತು ಕಟ್ಕೊಂಡು ತುಪ್ಪ ತಿಂತೀರಾ? ನಿಮಗೇನ್ ಬಾಲ ಐತಾ?" ಎಂದಳು ಸುಜಾತ, ಮನೆಯಲ್ಲಿ ನಾನು ಹೇಳಿದ್ದನ್ನೆಲ್ಲ ಕೇಳಿ.

"ಇದು ಸೈನ್ಸ್ ಕಣೇ!"

"ನಿಮ್ ಸೈನ್ಸು ನನ್ ಅಡಿಗೆಮನೇಲಿ ನಡ್ಯಾಕಿಲ್ಲ."

ಸರಿ, ವಿಜ್ಞಾನವನ್ನು ಸುಜಾತಳ ತವರೂರು ಬೇರಿಕೆಗೆ ಸಾಗಿಸಿದೆ. ಅಲ್ಲಿ ಮಾವನ ಟೊಮೇಟೊ ತೋಟವಿದೆ. ಭಾನುವಾರ ತೋಟದ ಕೆಲಸಕ್ಕೆ ಕೈಜೋಡಿಸಿ ಬರುತ್ತೇನೆಂದು ಹೊರಟರೆ ಯಾವ ಮಗಳು ಬೇಡ ಎನ್ನುತ್ತಾಳೆ? ವಯಸ್ಸಾಯಿತೆಂದು ಮಾವನ ಮಾಂಸದೂಟಕ್ಕೂ ಅತ್ತೆ ಕಡಿವಾಣ ಹಾಕಿದ್ದರು. ನಾನು ಜಗಲಿಯಲ್ಲಿ ಕೂತು ಲಿವರಿನ ರಜೆಯ ಸಿದ್ಧಾಂತವನ್ನು ಸವಿಸ್ತಾರವಾಗಿ ಮಂಡಿಸಿದೆ. ನನ್ನ ರಿಪೋರ್ಟಿನ ವಿಷಯ ಮಾತ್ರ ಎತ್ತಲಿಲ್ಲ.

ಮಾವನ ಕಣ್ಣು ಒದ್ದೆಯಾಯಿತು. "ಅಳಿಯಂದ್ರೇ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ? ಮದ್ವೇಲೇ ಹೇಳ್ಬಾರ್ದಿತ್ತಾ!"

ಸೈನ್ಸ್ ಎಂದ ಮೇಲೆ ಅತ್ತೆಯೂ ಸೋತರು; ಅಂದಿನಿಂದ ಪ್ರತಿ ಭಾನುವಾರ ಮಟನ್ ಸಾರು, ಮೊಟ್ಟೆ, ಮಿದುಳು ಫ್ರೈ. ಲಿವರ್ ಫ್ರೈ ಕೂಡ ಇತ್ತು. ರಜೆಯಲ್ಲಿರುವವನ ಜಾಗಕ್ಕೆ ಬದಲಿ ಆಳು ಬೇಡವೇ? ಟೊಮೇಟೊ ಗಿಡಗಳು ನಮ್ಮಿಬ್ಬರ ಮುಖ ನೋಡಲಿಲ್ಲ.

ಮತ್ತೆ ರಕ್ತಪರೀಕ್ಷೆಯ ದಿನ ಬಂದಾಗ ನನಗೆ ಎಷ್ಟು ಧೈರ್ಯವೆಂದರೆ, ಮಾವನನ್ನೂ ಹೊಸೂರಿಗೆ ಕರೆಸಿ ರಕ್ತ ಕೊಡಿಸಿದೆ. ಒಂದಲ್ಲ, ಎರಡೆರಡು ಸಾಕ್ಷಿ ಇದ್ದರೆ ಸುಜಾತಳ ಬಾಯಿ ಮುಚ್ಚಿಸಬಹುದಲ್ಲ!

ಡಾಕ್ಟರು ಮಾವನ ರಿಪೋರ್ಟ್ ನೋಡಿ, "ಭೇಷ್, ಎಲ್ಲಾ ಸರಿಯಾಗಿದೆ" ಎಂದರು. ನಾನು ಸುಜಾತಳ ಕಡೆ ನೋಡಿ ಮೀಸೆ ತಿರುವಿದೆ. ಆಮೇಲೆ ನನ್ನದನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಇದೇನ್ರೀ, ಹೋದ ಸಲಕ್ಕಿಂತ ಎಷ್ಟೋ ಏರಿದೆ! ಏನ್ ತಿಂತಿದ್ದೀರಿ?"

"ಮುದ್ದೆ, ಸೊಪ್ಪಿನ ಸಾರು" ಎಂದಳು ಸುಜಾತ.

ಮಾವ ಹೆಮ್ಮೆಯಿಂದ ಎದೆಯುಬ್ಬಿಸಿದರು. "ಇಲ್ಲ ಸಾರ್, ನಾನ್ ತಿಂದಿದ್ದನ್ನೇ ಅವ್ರೂ ತಿಂದಿರೋದು. ಒಂದೇ ತಪ್ಲೆ!"

ಸುಜಾತ ಬಯ್ಯಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಅತ್ತಳು. "ನಿಮ್ಮಪ್ಪನಂಗೇ ನೀವೂ ಓಗ್ಬುಟ್ರೆ ನಾನೇನ್ ಮಾಡ್ಲಿ?" ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅವಳ ಮುಖ ನೋಡಲಾರದೆ ಮೊಬೈಲ್ ತೆಗೆದು ಉಳಿದರ್ಧ ಲೇಖನ ಓದಿದೆ. ಎಲ್ಲ ಇಲಿಗಳೂ ಒಂದೇ ಅಲ್ಲವಂತೆ. ಒಂದೇ ಆಹಾರ ಹಾಕಿದರೂ ಒಂದು ತಳಿಯ ಕೊಲೆಸ್ಟ್ರಾಲ್ ಏರುವುದಿಲ್ಲ, ಇನ್ನೊಂದು ತಳಿಯದು ಏರುತ್ತದೆ. ಎಲ್ಲಾ ಹುಟ್ಟಿನಿಂದ ಬಂದದ್ದು!

"ಸಂಶೋಧನೆ ಸರಿಯಾಗೇ ಐತೆ ಕಣೇ" ಎಂದೆ ಮೆಲ್ಲಗೆ.

"ಸರಿಯಾಗ್ದೆ ಏನು? ಇಲಿ ನೀವೇ ಆಗಿದ್ರಲ್ಲ!"

ಈಗ ಮಾತ್ರೆ ಶುರುವಾಗಿದೆ. ಭಾನುವಾರ ಬೇರಿಕೆಗೆ ಸುಜಾತಳೂ ಬರುತ್ತಾಳೆ. ನನ್ನ ತಟ್ಟೆಗೆ ಬೇಯಿಸಿದ ಸೋರೆಕಾಯಿ ಬಡಿಸುತ್ತಾಳೆ. ಎದುರಿಗೆ ಕೂತ ಮಾವ ಮಿದುಳು ಫ್ರೈ ಚಪ್ಪರಿಸುತ್ತಾ, "ಬೇಜಾರ್ ಮಾಡ್ಕೋಬ್ಯಾಡಿ ಅಳಿಯಂದ್ರೇ, ನಿಮ್ ಪಾಲಿನ್ ರಜಾನೂ ನನ್ ಲಿವರಿಗೇ ಕೊಟ್ಬುಡ್ತೀನಿ" ಎಂದು ಸಮಾಧಾನ ಹೇಳುತ್ತಾರೆ.

ಪ್ರಯೋಗಾಲಯದ ಇಲಿಯೇ ನನಗಿಂತ ಪುಣ್ಯವಂತ ಪ್ರಾಣಿ. ಅದಕ್ಕೆ ಮಾವ ಇರುವುದಿಲ್ಲ!