ಅತ್ತೆಯ ಮೂರು ಹುಟ್ಟುಹಬ್ಬಗಳೂ ಗೂಬೆಮರಿಯ ಹದಿನಾಲ್ಕನೆಯ ಸಲಹೆಯೂ

ಬಿಳಿಮೋಡ ಬ್ಲಾಗುತಾಣದ ಪ್ರತಿ ಪುಟದ ಬಲಮೂಲೆಯಲ್ಲಿ ಹಗಲಿರುಳು ಕಣ್ಣು ಪಿಳುಕಿಸುತ್ತ, ಬ್ಲಾಗು ಬರೆಯುವವರಿಗೂ ಸುಮ್ಮನೆ ಓದಲು ಬಂದವರಿಗೂ ಕೇಳದೆಯೇ ಸಲಹೆ ದಯಪಾಲಿಸುತ್ತಿರುವ ಶ್ರೀ ಗೂಬೆಮರಿಯವರ ಸನ್ನಿಧಿಗೆ,

ಮಾನ್ಯರೇ,

ಚಿಯಾಯಿ ಊರಿನ ರೈಲು ನಿಲ್ದಾಣದ ಹಿಂದಿನ ಬೀದಿಯಿಂದ ತಮಗೆ ನನ್ನ ವಿನಮ್ರ ವಂದನೆಗಳು. ತಮ್ಮ ಪುಕ್ಕಗಳೆಲ್ಲ ಕ್ಷೇಮವೆಂದೂ, ತಾವು ಎಂದಿನಂತೆ ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ಲೋಕಹಿತವನ್ನೇ ಚಿಂತಿಸುತ್ತಿರುವಿರೆಂದೂ ನಂಬಿದ್ದೇನೆ. ಯಾರ ತಲೆಯ ಮೇಲೂ ಗೂಬೆ ಕೂರಿಸುವುದು ಈ ಪತ್ರದ ಉದ್ದೇಶವಲ್ಲ. ಹನ್ನೊಂದು ವರ್ಷಗಳಿಂದ ತಾವಾಗಿಯೇ ನಮ್ಮತ್ತೆಯ ತಲೆಯ ಮೇಲೆ ಕುಳಿತಿರುವುದರಿಂದ ಆ ಶ್ರಮವೂ ನನಗೆ ಉಳಿದಿದೆ. ತಮ್ಮ ಸಹಾಯವಾಣಿಗೆ ಫೋನು ಮಾಡಬಹುದಿತ್ತು. ಆದರೆ ಅಪರಿಚಿತರೊಡನೆ ಮಾತನಾಡಬೇಕೆಂದರೆ ನಾನು ಫೋನು ಇಟ್ಟುಬಿಡುತ್ತೇನೆ, ಸಹಾಯವಾಣಿಯಲ್ಲಿ ಬರೀ ಸಂಗೀತವೇ ಇದ್ದರೂ ಸಹ.

ನಮ್ಮತ್ತೆ, ಎಂದರೆ ನನ್ನ ತಂದೆಯ ಅಕ್ಕ, ಶಿಯಾವ್ ಮಿಂಗ್‌-ಶ್ಯಾ, ಎಪ್ಪತ್ತೊಂದು ವರ್ಷದವರು, ಬೆಳಗಿನ ತಿಂಡಿಯ ಅಂಗಡಿ ಇಟ್ಟಿದ್ದಾರೆ. ಬೆಳಗಾಗುವ ಮುನ್ನ ಸೋಯಾ ಹಾಲು ಕಾಯಿಸಿ, ಹನ್ನೊಂದರವರೆಗೆ ಮೂಲಂಗಿ ಕಡುಬನ್ನು ಹೋಳು ಮಾಡಿ ಕಾವಲಿಯ ಮೇಲೆ ಕೆಂಪಗೆ ಹುರಿದು, ಆಮೇಲೆ ಕೈ ತೊಳೆದು ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಆ ದಿನ ಬಂದ ಗಿರಾಕಿಗಳಲ್ಲಿ ಒಬ್ಬರ ಬಗ್ಗೆ, ಹೆಸರು ಹೇಳದೆ, ಅವರು ತಿಂದ ತಿಂಡಿಯಿಂದಲೇ ಗುರುತಿಸಿ ಬರೆಯುತ್ತಾರೆ. ‘ಎರಡು ಮೊಟ್ಟೆ, ಈರುಳ್ಳಿ ಬೇಡ’ ಎನ್ನುವವರ ಮಗಳ ಮದುವೆ ನಿಂತುಹೋದದ್ದು, ‘ಸಕ್ಕರೆಯಿಲ್ಲದ ಸೋಯಾ ಹಾಲು’ ಒಂದು ದಿನ ಇದ್ದಕ್ಕಿದ್ದಂತೆ ಸಕ್ಕರೆ ಕೇಳಿದ್ದು, ಎಲ್ಲವೂ ಅಲ್ಲಿದೆ. ಇಂಥ ಬರಹಗಳು ಮೂರು ಸಾವಿರದ ನಾನೂರ ಹನ್ನೆರಡು, ಓದುಗರು ನಲವತ್ಮೂರು. ಅತ್ತೆ ಓದುಬರಹ ಕಲಿತದ್ದು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಸಂಜೆ ಶಾಲೆಯಲ್ಲಿ. ಆದ್ದರಿಂದ ಅವರು ಈ ಜನ್ಮದಲ್ಲಿ ಬರೆದದ್ದೆಲ್ಲ ತಮ್ಮ ರೆಕ್ಕೆಯಡಿಯಲ್ಲೇ ಇದೆ, ಬೇರೆಲ್ಲೂ ಇಲ್ಲ.

ಸಾಕ್ಷರರಾದವರು ಸಾಮಾನ್ಯವಾಗಿ ಮಾಡದ ಒಂದು ಕೆಲಸವನ್ನು ಅತ್ತೆ ಮಾಡುತ್ತಾರೆ: ಕಂಡ ಸೂಚನೆಯನ್ನೆಲ್ಲ ಓದುತ್ತಾರೆ, ಓದಿದ್ದನ್ನು ಪಾಲಿಸುತ್ತಾರೆ. ಶೀರ್ಷಿಕೆಯಲ್ಲಿ ಸಂಖ್ಯೆಯಿರಲಿ ಎಂದು ತಾವು ಅಂದ ದಿನದಿಂದ ಅತ್ತೆಯ ಶೀರ್ಷಿಕೆಗಳು ‘ಒಬ್ಬ ಮುದುಕ, ಆರು ಕಡುಬು, ಒಂದು ಮೌನ’ ಎಂಬ ಜಾತಿಯವಾದವು. ಈ ಉಪಕಾರಕ್ಕೆ, ವ್ಯಂಗ್ಯವಿಲ್ಲದೆ, ಕೃತಜ್ಞತೆ ಸಲ್ಲಿಸುತ್ತೇನೆ. ಸಾಹಿತ್ಯದಲ್ಲಿ ಪದವಿ ಪಡೆದ ನನಗೆ ಯಾರೂ ಇಷ್ಟು ಒಳ್ಳೆಯ ಶೀರ್ಷಿಕೆ ಕೊಡುವುದನ್ನು ಕಲಿಸಿರಲಿಲ್ಲ.

ಆದರೆ ಈ ತಿಂಗಳ ಮೊದಲ ಸೋಮವಾರ ತಮ್ಮ ಹೊಸ ಸಲಹೆ ಪ್ರಕಟವಾಯಿತು. ಪಾಸ್‌ವರ್ಡನ್ನು ಕೂಡಲೇ ಬದಲಿಸಿ. ಹೆಸರು, ಹುಟ್ಟಿದ ದಿನ, ಅರ್ಥವಿರುವ ಯಾವ ಪದವೂ ಬೇಡ. ಎಲ್ಲಿಯೂ ಬರೆದಿಡಬೇಡಿ, ಬರೆದಿದ್ದರೆ ನಾಶಮಾಡಿ. ಹಳೆಯ ಪಾಸ್‌ವರ್ಡ್ ಹನ್ನೊಂದು ವರ್ಷಗಳಿಂದ ಸೋಯಾ ಹಾಲಿನ ಹಂಡೆಯ ಪಕ್ಕದ ಗೋಡೆಯ ಮೇಲೆ, ಬೀದಿಗೆಲ್ಲ ಕಾಣುವಂತೆ ಅಂಟಿಸಲ್ಪಟ್ಟು, ಯಾರಿಂದಲೂ ಕಳುವಾಗದೆ ಸುರಕ್ಷಿತವಾಗಿತ್ತು. ಅತ್ತೆ ಹೊಸದನ್ನು ಹೊಸೆದರು, ಒಂದು ಚೀಟಿಯಲ್ಲಿ ಬರೆದುಕೊಂಡು ನೋಡುತ್ತ ನೋಡುತ್ತ ತುಂಬಿದರು, ಬಳಿಕ ತಮ್ಮ ಆಜ್ಞೆಯಂತೆ ಹಳೆಯ ಚೀಟಿಯನ್ನೂ ಹೊಸ ಚೀಟಿಯನ್ನೂ ಚೂರುಚೂರು ಮಾಡಿ ಹಂದಿಗಳಿಗೆ ಹೋಗುವ ಎಂಜಲಿನ ಬಕೆಟ್ಟಿಗೆ ಹಾಕಿದರು. ಸಂಜೆ ಕಸದ ಲಾರಿ ತನ್ನ ಹಾಡು ಹಾಡುತ್ತ ಬಂದು ಅದನ್ನು ಒಯ್ದಿತು. ಮರುದಿನ ಅತ್ತೆಗೆ ನೆನಪಿದ್ದದ್ದು ನಡುವೆ ಎಲ್ಲೋ ಒಂದು ಹ್ಯಾಷ್ ಗುರುತು ಇತ್ತೆಂಬುದು ಮಾತ್ರ. ಪಿಂಗ್‌ಟುಂಗ್ ಕಡೆಯ ಹಂದಿಕೊಟ್ಟಿಗೆಯ ಯಾವುದೋ ಹಂದಿಗೆ ಈಗ ನಮ್ಮತ್ತೆಯ ಪಾಸ್‌ವರ್ಡ್ ಪೂರ್ತಿ ಗೊತ್ತಿರಬಹುದು. ತಾವೂ ಪ್ರಾಣಿವರ್ಗದವರಾದ್ದರಿಂದ ಅದರೊಡನೆ ಒಂದು ಮಾತು ಆಡಬಹುದಿತ್ತು.

ತಾವು ಹಾಗೆ ಮಾಡಲಿಲ್ಲ. ಬದಲಿಗೆ, ಐದು ಅವಕಾಶಗಳಲ್ಲಿ ಗುರುತು ಸಾಬೀತುಪಡಿಸದಿದ್ದರೆ ತಿಂಗಳ ಕೊನೆಯ ದಿನ ಖಾತೆಯನ್ನೂ ಅದರೊಳಗಿನ ಬರಹಗಳನ್ನೂ ‘ನಿಮ್ಮದೇ ಸುರಕ್ಷತೆಗಾಗಿ’ ಅಳಿಸಲಾಗುವುದು ಎಂದು ಕಣ್ಣು ಹೊಡೆದು ತಿಳಿಸಿದಿರಿ. ಮನೆ ಸುಟ್ಟರೆ ಕಳ್ಳರ ಕಾಟ ತಪ್ಪುತ್ತದೆ ಎಂಬ ತತ್ತ್ವವನ್ನು ಇಷ್ಟು ನಯವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಮೊದಲು ಹುಟ್ಟಿದ ದಿನ ಕೇಳಿದಿರಿ. ಒಬ್ಬರಿಗೆ ಒಂದೇ ಹುಟ್ಟುಹಬ್ಬವಿರುತ್ತದೆಂದು ನಂಬುವಷ್ಟು ಎಳೆಯರು ತಾವು. ಅತ್ತೆ ಹುಟ್ಟಿದ್ದು ಇಲಿ ವರ್ಷದ ಹನ್ನೆರಡನೆಯ ಚಾಂದ್ರಮಾಸದ ಇಪ್ಪತ್ತರಂದು. ನಾವು ದೀರ್ಘಾಯುಷ್ಯಕ್ಕೆಂದು ಉದ್ದ ಶಾವಿಗೆಯೂಟ ಮಾಡುವುದು ಅಂದೇ. ಸರ್ಕಾರದ ಪ್ರಕಾರ ಹುಟ್ಟಿದ್ದು ಏಪ್ರಿಲ್ ಒಂಬತ್ತರಂದು, ಏಕೆಂದರೆ ನಮ್ಮಜ್ಜ ಹಂದಿ ಕಡಿಯುವ ಪರವಾನಗಿಗೆಂದು ಕಚೇರಿಗೆ ಹೋಗುವ ತನಕ ಕಾದು, ಹೋದ ಕಾಲಲ್ಲೇ ಮಗಳನ್ನೂ ಬರೆಸಿ ಬಂದರು. ಎರಡನ್ನೂ ತುಂಬಿದೆವು, ಎರಡೂ ತಪ್ಪು ಎಂದಿರಿ. ಉಳಿದದ್ದು ಮೂರು ಅವಕಾಶ. ದಿನವೂ ತಿಂಡಿಗೆ ಬರುವ ಟ್ಯಾಕ್ಸಿ ಚಾಲಕ ಔಯಾಂಗ್ ಅವರು, “ಅಕ್ಕಾ, ನೀವು ಹುಟ್ಟೇ ಇಲ್ಲ ಅಂತಿದೆಯಂತಲ್ಲ ಗೂಬೆ! ಹಂಗಾದ್ರೆ ಇಷ್ಟು ವರ್ಷ ನಾನ್ ತಿಂದಿದ್ದು ಯಾರ ಕೈ ಕಡುಬು?” ಎಂದರು. ಅತ್ತೆ ನಗದೆ, “ಬಾಯ್ಮುಚ್ಕೊಂಡು ತಿನ್ನಯ್ಯ, ಇಲ್ದಿದ್ರೆ ನಾಳೆಯಿಂದ ನೀನು ತಿಂದಿದ್ದೂ ಸುಳ್ಳಾಗುತ್ತೆ” ಎಂದು ಕಾವಲಿಯ ಕಡೆ ತಿರುಗಿದರು. ಅಂದು ಅವರು ಮೂರು ಹೋಳು ಸೀಯಿಸಿದರು. ಹಾಗೆಂದೂ ಆದದ್ದಿಲ್ಲ.

ಎಂಟು ದಿನ ಹೀಗೇ ಕಳೆದ ಮೇಲೆ, ಅತ್ತೆಯ ಬ್ಲಾಗನ್ನು ಹೊರಗಿನವಳಂತೆ ಓದುತ್ತಿದ್ದಾಗ, ಕಳೆದ ಏಪ್ರಿಲ್ ಒಂಬತ್ತರಂದು ತಾವು ಅಲ್ಲಿ ಇಟ್ಟುಹೋಗಿದ್ದ ಕೇಕಿನ ಚಿತ್ರ ನನ್ನ ಕಣ್ಣಿಗೆ ಬಿತ್ತು. ಅದರ ಮೇಲೆ 1982 ಎಂದಿತ್ತು. ಹಿಂದಿನ ವರ್ಷದ್ದರ ಮೇಲೆ 1981. ಕೇಳಿದರೆ ಅತ್ತೆ, “ಅಷ್ಟು ಜನ ನನಗೆ ಹಾರೈಸಿದ್ದಾರೆ ಕಣೇ, ವರ್ಷಕ್ಕೊಬ್ರು ಜಾಸ್ತಿ ಆಗ್ತಿದ್ದಾರೆ, ನಾನು ಯಾರಿಗೂ ಹೇಳ್ಕೊಂಡಿಲ್ಲ” ಎಂದರು. ಮಾನ್ಯರೇ, ನಮ್ಮ ಗುರುತಿನ ಚೀಟಿಗಳಲ್ಲಿ ವರ್ಷವನ್ನು ನಮ್ಮ ಗಣರಾಜ್ಯ ಸ್ಥಾಪನೆಯಾದ 1912ರಿಂದ ಎಣಿಸುತ್ತಾರೆ. ಅತ್ತೆಯದು ಮೂವತ್ತೆಂಟನೆಯ ವರ್ಷ, ಎಂದರೆ 1949. ತಾವು ನಾಲ್ಕು ಅಂಕಿ ಕೇಳಿದಿರಿ, ಅವರು ವಿಧೇಯವಾಗಿ ಮುಂದೆರಡು ಸೊನ್ನೆ ಸೇರಿಸಿ ಕೊಟ್ಟರು. ತಮ್ಮ ಲೆಕ್ಕದಲ್ಲಿ ಅತ್ತೆಗೆ 1982 ವರ್ಷ ತುಂಬಿದೆ, ಅವರು ಹಾನ್ ಚಕ್ರವರ್ತಿಗಳ ಕಾಲದವರು. ಇಷ್ಟು ಹಿರಿಯರಿಗೆ ಸಲಹೆ ಕೊಡಲು ತಮಗೆ ಸಂಕೋಚವಾಗಲಿಲ್ಲವೇ? ಹುಟ್ಟಿದ ದಿನವನ್ನು ಜಾಲದಲ್ಲಿ ಯಾರಿಗೂ ತೋರಿಸಬೇಡಿ ಎಂಬುದು ತಮ್ಮ ಐದನೆಯ ಸಲಹೆ. ಅದನ್ನು ವರ್ಷವರ್ಷವೂ ಮೇಣದಬತ್ತಿ ಹಚ್ಚಿ ಮೆರೆಸಿದವರೂ ತಾವೇ. ಈ ಅಸಡ್ಡೆಗೆ ನಾನು ಋಣಿ. ಅದರಿಂದಲೇ 0038ರ ಏಪ್ರಿಲ್ ಒಂಬತ್ತು ಎಂದು ತುಂಬಿದೆವು, ಮೊದಲ ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ತಮ್ಮ ಪ್ರಶ್ನೆ: ಚಿಕ್ಕಂದಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?

ಇದನ್ನು ಹೇಗೆ ಬರೆಯಲಿ? ಅತ್ತೆ ನಾಲ್ಕನೆಯ ಹೆಣ್ಣುಮಗು. ಅಜ್ಜ ಇಟ್ಟ ಹೆಸರು ಬೋಂಗ್‌-ಚೀ. ‘ಹುಟ್ಟಿಬಿಟ್ಟಿದೆ, ಹೇಗೋ ಸಾಕೋಣ’ ಎಂದು ಅದರ ಅರ್ಥ. ಆ ಕಾಲದಲ್ಲಿ ಬೀದಿಗೊಬ್ಬಳು ಬೋಂಗ್‌-ಚೀ ಇರುತ್ತಿದ್ದಳು, ಯಾರೂ ಅವಳನ್ನು ಶಾಲೆಗೆ ಕಳಿಸುತ್ತಿರಲಿಲ್ಲ. ಸಂಜೆ ಶಾಲೆ ಮುಗಿಸಿದ ವರ್ಷ ಅತ್ತೆ ಜೋಯಿಸರ ಬಳಿ ಹೊಸ ಹೆಸರಿನ ಅಕ್ಷರಗಳಲ್ಲಿ ಎಷ್ಟು ಗೆರೆಯಿದ್ದರೆ ಶುಭವೆಂದು ಎಣಿಸಿ ನೋಡಿಸಿ, ಕಚೇರಿಗೆ ತಾವೇ ಹೋಗಿ, ಬೆಳಗಿನ ಕೆಂಪು ಎಂಬರ್ಥದ ಮಿಂಗ್‌-ಶ್ಯಾ ಆಗಿ ಬಂದರು. ಅಂದಿನಿಂದ ಹಳೆಯ ಹೆಸರನ್ನು ಯಾರಾದರೂ ಕರೆದರೆ ಅವರಿಗೆ ಕಡುಬಿಲ್ಲ.

“ಆ ಹೆಸರನ್ನ ಬರಿಯೋಕೆ ಅಲ್ಲ ನಾನು ಬರಿಯೋದು ಕಲ್ತಿದ್ದು” ಎಂದು ಅತ್ತೆ ಮೂರು ದಿನ ಕಂಪ್ಯೂಟರಿನ ಕಡೆ ಸುಳಿಯಲಿಲ್ಲ. ನಾಲ್ಕನೆಯ ದಿನ, ತಿಂಗಳ ಕೊನೆಗೆ ಎರಡೇ ದಿನವಿದ್ದಾಗ, ಬಂದು ಕೂತು, ಬೆರಳನ್ನು ಬಿಸಿ ಕಾವಲಿಗೆ ತಾಗಿಸುವಂತೆ ತಾಗಿಸಿ ತಾಗಿಸಿ, ಅದನ್ನು ಬರೆದರು. ತಾವು ಕಣ್ಣು ಪಿಳುಕಿಸಿ, ತಪ್ಪು ಎಂದಿರಿ. ನಾನು ಅವಸರಪಟ್ಟು ಹೊಸ ಹೆಸರು ಬರೆದೆ, ಅದೂ ತಪ್ಪು. ಒಂದೇ ಅವಕಾಶ ಉಳಿಯಿತು. ಅತ್ತೆ ಅವಮಾನದಿಂದ ಕೆಂಪಾಗಿ, “ಇಷ್ಟು ನುಂಗಿ ಬರೆದ್ರೂ ಇದಕ್ಕೆ ಸಾಲ್ದಾ?” ಎಂದರು; ನನಗಲ್ಲ, ತಮಗೆ.

ಆಗ ನನಗೆ ನೆನಪಾದದ್ದು ತಮ್ಮ ಹದಿನಾಲ್ಕನೆಯ ಸಲಹೆ. ಗುಟ್ಟಿನ ಪ್ರಶ್ನೆಗೆ ಊರಿಗೆಲ್ಲ ಗೊತ್ತಿರುವ ಉತ್ತರ ಕೊಡಬೇಡಿ, ನಿಮಗೊಬ್ಬರಿಗೇ ಗೊತ್ತಿರುವುದನ್ನು ಕೊಡಿ. ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಒರೆಸಿಕೊಳ್ಳುತ್ತಲೇ ಇದ್ದರು; ಕೈ ಒದ್ದೆಯಾಗಿರಲಿಲ್ಲ. ಆಮೇಲೆ, “ಅಪ್ಪ ಹೊಲಕ್ಕೆ ಹೋದ್ಮೇಲೆ ಅಮ್ಮ ತಲೆ ಬಾಚ್ತಾ ಬೇರೆ ಒಂದು ಹೆಸ್ರಲ್ಲಿ ಕರೀತಿದ್ಳು. ಮೆತ್ತಗೆ. ಅಕ್ಕಂದಿರಿಗೂ ಕೇಳಿಸ್ದಂಗೆ” ಎಂದು, “ನೀನು ಆ ಕಡೆ ತಿರುಗು” ಎಂದರು. ತಿರುಗಿದೆ. ಕೆಲವೇ ಕೀಲಿಗಳ ಸದ್ದಾಯಿತು. ಬಾಗಿಲು ತೆರೆಯಿತು. ಮೂರು ಸಾವಿರದ ನಾನೂರ ಹನ್ನೆರಡೂ ಇದ್ದಲ್ಲೇ ಇದ್ದವು.

ಹೀಗಾಗಿ, ಮಾನ್ಯರೇ, ಆ ಹೆಸರು ಇಂದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತು: ನಮ್ಮತ್ತೆಗೆ ಮತ್ತು ತಮಗೆ. ಆದ್ದರಿಂದ ಕೆಲವು ಕೋರಿಕೆಗಳು. ಅದನ್ನು ಮೊಣಕಾಲು ನೋವಿನ ಎಣ್ಣೆ ಮಾರುವವರಿಗೆ ಹೇಳಬೇಡಿ. ತಮ್ಮ ತಾಣಕ್ಕೆ ಕನ್ನ ಬಿದ್ದ ದಿನ ಮಿಕ್ಕದ್ದೆಲ್ಲ ಹೋಗಲಿ, ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿಬಿಡಿ. ಮತ್ತು ವರ್ಷಕ್ಕೊಮ್ಮೆ, ಏಪ್ರಿಲ್ಲಿನಲ್ಲಲ್ಲ, ಹನ್ನೆರಡನೆಯ ಚಾಂದ್ರಮಾಸದ ಇಪ್ಪತ್ತರಂದು, ಅಂಗಡಿ ಮುಚ್ಚಿ ಅತ್ತೆ ಒಬ್ಬರೇ ಕೂತಿರುವಾಗ, ತಮಗೆ ದನಿಯೆಂಬುದು ಇದ್ದಲ್ಲಿ, ಆ ಹೆಸರಿನಲ್ಲಿ ಅವರನ್ನೊಮ್ಮೆ ಕರೆಯಿರಿ. ಮೆತ್ತಗೆ. ಆ ಹೊತ್ತಿಗೆ ನಾನು ಆ ಕಡೆ ತಿರುಗಿರುತ್ತೇನೆ.

ಇನ್ನೂ ಅಳಿಸಲ್ಪಡದಿರುವ ಬಳಕೆದಾರಳೂ,
ತಮ್ಮ ವಿಶ್ವಾಸಿಯೂ ಆದ
ಶಿಯಾವ್ ನಿಂಗ್‌-ಯು

ತಾ.ಕ.: ಖಾತೆ ತೆರೆದ ಕೂಡಲೇ ತಾವು ಮೂರು ಮಾತು ಹೇಳಿದಿರಿ: ಓದುಗರಿಲ್ಲದ ಹಳೆಯ ಬರಹಗಳನ್ನು ಅಳಿಸಿ, ಗುಟ್ಟಿನ ಉತ್ತರವನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ. ಎಂದೂ ಯಾವ ಸೂಚನೆಯನ್ನೂ ಮೀರದ ಅತ್ತೆ ಮೊದಲ ಬಾರಿಗೆ ಮೊದಲೆರಡನ್ನು ಪಾಲಿಸಲಿಲ್ಲ. ಮೂರನೆಯದಕ್ಕೆ, “ಪಾಪ, ಕಣ್ಣು ಬಿಟ್ಕೊಂಡೇ ಇರುತ್ತೆ, ಆದ್ರೂ ಏನೂ ಕಾಣಲ್ಲ” ಎಂದು ಮರುಗಿ ಒಂದು ನಕ್ಷತ್ರ ಕೊಟ್ಟಿದ್ದಾರೆ, ಮತ್ತು ಹೊಸ ಪಾಸ್‌ವರ್ಡನ್ನು ಸೋಯಾ ಹಾಲಿನ ಹಂಡೆಯ ಪಕ್ಕದಲ್ಲಿ, ಮೊದಲಿಗಿಂತ ದೊಡ್ಡ ಅಕ್ಷರಗಳಲ್ಲಿ ಅಂಟಿಸಿದ್ದಾರೆ.